ಲೀಕ್ ಆಗದ ಕಪ್ ಮಾಡಿ ಕೆಟ್ಟೆ

ದಾವಣಗೆರೆಯಲ್ಲಿ ಪ್ಲಂಬಿಂಗ್ ಕೆಲಸ ನನ್ನದು. ಜೊತೆಗೆ ಒಂದೆರಡು ಬಡಾವಣೆ ಪಾರ್ಕ್‌ಗಳ ಹುಲ್ಲು, ಪೈಪು, ಬೇಲಿ ನೋಡಿಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ಎಷ್ಟೋ ಗುಂಡಿ ತೋಡಿಸಿದ್ದೇನೆ. ಚೆಂಡು ಬೀಳಲಿ ಅಂತ ತೋಡಿಸಿದ್ದು ಮಾತ್ರ ಅದೇ ಮೊದಲು.

ಕೆಲಸ ತಂದವರು ವಿದ್ಯಾನಗರ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು. ಮಗ ಜಪಾನಿನಲ್ಲಿದ್ದಾನೆ. ಮೂರು ತಿಂಗಳು ಅಲ್ಲಿದ್ದು ಬಂದ ಮೇಷ್ಟ್ರು, ವಾಕಿಂಗ್ ಗುಂಪಿನವರಿಗೆಲ್ಲ ಬೆಣ್ಣೆ ದೋಸೆ ಕೊಡಿಸಿ ಪಾರ್ಕ್ ಗಾಲ್ಫ್ ಹುಚ್ಚು ಹಿಡಿಸಿಬಿಟ್ಟಿದ್ದರು. 1983ರಲ್ಲಿ ಹೊಕ್ಕೈಡೊದ ಮಕುಬೆಟ್ಸು ಅನ್ನೋ ಊರಿನಲ್ಲಿ ಶುರುವಾದ ಆಟವಂತೆ. ಗಾಲ್ಫ್‌ನಲ್ಲಿ 14 ಕೋಲಿನ ತನಕ ಇಟ್ಟುಕೊಳ್ಳಬಹುದು, ಇದಕ್ಕೆ ಒಂದೇ ಕೋಲು, ಅದರಲ್ಲಿ ಚೆಂಡು ಹೊಡೆದು ಗುಂಡಿಗೆ ಬೀಳಿಸೋದು. ಅಜ್ಜ, ಮಗ, ಮೊಮ್ಮಗ ಮೂವರೂ ಒಟ್ಟಿಗೆ ಆಡಬಹುದು.

"ಗಾಲ್ಫ್ ಅಂದ್ಕೂಡ್ಲೇ ಹೆದರಬೇಡ ತಮ್ಮಾ. ಸಣ್ಣವನಿದ್ದಾಗ ಗೋಲಿ ಆಡಿಲ್ವಾ? ಇದು ನಿಂತ್ಕೊಂಡು ಆಡೋ ಗೋಲಿ, ಅಷ್ಟೇ" ಅಂದರು. ಒಂದು ಹಾಳೆಯಲ್ಲಿ ಅಳತೆಗಳನ್ನೆಲ್ಲ ಬರೆದು ಕೈಗಿಟ್ಟರು. ಅನುಮತಿಯ ಓಡಾಟವೂ ಅವರದ್ದೇ.

ಆ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟೆ. ರಾತ್ರಿ ಮೊಬೈಲಿನಲ್ಲಿ ಗಾಲ್ಫ್ ವಿಡಿಯೋ ನೋಡಿದೆ. ಎರಡು ಗಂಟೆಯಲ್ಲಿ ಪಂಡಿತನಾದೆ!

ಗಾಲ್ಫ್‌ನಲ್ಲಿ ಚೆಂಡು ಬೀಳೋ ಗುಂಡಿ, ಅಂದ್ರೆ ಕಪ್, 108 ಮಿಲಿಮೀಟರ್ ಅಗಲ. ನಮ್ಮ ಟಾಯ್ಲೆಟ್ ಲೈನಿಗೆ ಹಾಕೋ ನಾಲ್ಕು ಇಂಚಿನ ಪೈಪು 110. ಗೋಡೌನಿನಲ್ಲಿ ತುಂಡುಗಳು ಬಿದ್ದಿದ್ದವು. ದೇವರೇ ಕೊಟ್ಟ ಅಂತ ಒಂಬತ್ತು ತುಂಡು ಕತ್ತರಿಸಿ ಹೂತೆ. ಆದರೆ ಗಾಲ್ಫ್ ಚೆಂಡು ನಾಲ್ಕೂಕಾಲು ಸೆಂಟಿಮೀಟರ್, ಪಾರ್ಕ್ ಗಾಲ್ಫ್ ಚೆಂಡು ಆರು. ಮೊದಲ ದಿನ ಎಂಟು ಜನ ಯಜಮಾನರು ಒಂದು ಗುಂಡಿ ಮುಗಿಸೋಕೆ ಅರ್ಧ ಗಂಟೆ ತಗೊಂಡರು. ಚೆಂಡು ಬರೋದು, ಅಂಚಿಗೆ ತಾಗೋದು, ಆ ಕಡೆ ಹೋಗೋದು. ಹಾಳೆಯಲ್ಲಿ 20 ಸೆಂಟಿಮೀಟರ್ ಅಂತ ದಪ್ಪಕ್ಷರದಲ್ಲೇ ಬರೆದಿತ್ತು. ಎಂಟು ಇಂಚಿನ ಪೈಪು ನನ್ನ ದುಡ್ಡಿನಲ್ಲೇ ತಂದೆ.

ಕೋಲಿನದ್ದು ಇನ್ನೊಂದು ಕಥೆ. ಹೊರಗಿಂದ ತರಿಸಿದರೆ ದುಬಾರಿ ಅಂತ ನನಗೆ ಪರಿಚಯದ ಬಡಗಿ ಹತ್ರ ಮಾಡಿಸಿದೆವು. ತಲೆ ಜಾಲಿ ಮರದ್ದು, ಹಿಡಿಗೆ ಕಬ್ಬಿಣದ ಪೈಪು. ಕಿರಾಣಿ ಅಂಗಡಿ ತಕ್ಕಡಿಗೆ ಹಾಕಿದರೆ ಒಂದು ಕಿಲೋ ದಾಟಿತು. ಇರಬೇಕಾದದ್ದು 600 ಗ್ರಾಂ ಒಳಗೆ. ತೂಕ ಇಳಿಸಿದೆವು, ಅದು ಕಷ್ಟ ಆಗಲಿಲ್ಲ. ಕೆಟ್ಟಿದ್ದು ಕೋಲಿನ ಮುಖದಲ್ಲಿ. ಬಡಗಿ ನೇರ ಕೆತ್ತಿದ್ದ. ನಾನೇ, ವಿಡಿಯೋ ಪಂಡಿತ, "ಸ್ವಲ್ಪ ಓರೆ ಮಾಡೋ, ಗಾಲ್ಫ್ ಕೋಲು ಹಂಗೇ ಇರೋದು" ಅಂತ ಓರೆ ಮಾಡಿಸಿದೆ.

ಓರೆ ಇದ್ದರೆ ಚೆಂಡು ಮೇಲೇಳುತ್ತೆ. ಪಾರ್ಕ್ ಗಾಲ್ಫ್ ಕೋಲಿಗೆ ಓರೆ ಇಲ್ಲದಿರೋದೇ ಅದಕ್ಕೆ. ಚೆಂಡು ನೆಲ ಹಿಡಿದು ಉರುಳಬೇಕು, ಯಾಕಂದ್ರೆ ಸುತ್ತ ಜನ ಓಡಾಡ್ತಿರ್ತಾರೆ. ಎರಡನೇ ಭಾನುವಾರ ಒಬ್ಬರು ಬೀಸಿದ ಚೆಂಡು ಮೊಣಕಾಲೆತ್ತರ ಹಾರಿ, ದಾಸವಾಳದ ಬೇಲಿ ದಾಟಿ, ವಾಕಿಂಗ್ ಮಾಡ್ತಿದ್ದ ಅಮ್ಮನ ಹಿಮ್ಮಡಿಗೆ ಬಡಿಯಿತು. ಗಾಲ್ಫ್ ಚೆಂಡು 46 ಗ್ರಾಂ ಇದ್ದರೆ ಇದು ಹೆಚ್ಚುಕಡಿಮೆ ಅದರ ಎರಡರಷ್ಟು. ಆ ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ. ಕಬ್ಬಿನ ಹಾಲಿನ ಗಾಡಿಯಿಂದ ಐಸ್ ತರೋಕೆ ಓಡಿದೆ. ಪುಣ್ಯಕ್ಕೆ ಚರ್ಮ ಹರಿದಿರಲಿಲ್ಲ, ಬರೀ ಊತ.

"ನಾವು ನಡೆಯಾಕ ಬಂದೀವ್ರಿ, ಹೊಡಿಸ್ಕೊಳ್ಳಾಕಲ್ಲ" ಅಂದರು. ತಪ್ಪಾಯ್ತಮ್ಮಾ ಅಂತ ಕೈಮುಗಿಯೋದು ಬಿಟ್ಟು ನನ್ನ ಹತ್ರ ಬೇರೆ ಮಾತೇ ಇರಲಿಲ್ಲ. ಮಾರನೇ ದಿನ ಅಷ್ಟೂ ಕೋಲಿನ ಮುಖ ಮತ್ತೆ ನೇರ ಕೆತ್ತಿಸಿದೆ. ಇನ್ನು ಜಾಗದ ವಿಷಯ. ಒಂಬತ್ತು ಗುಂಡಿಯ ಆಟದ ದಾರಿ ಎಲ್ಲ ಸೇರಿ 500 ಮೀಟರ್ ತನಕ ಇರಬಹುದು. ನಮ್ಮದು ಒಂದೆಕರೆ ಪಾರ್ಕು, ಅಷ್ಟನ್ನೂ ತುರುಕಿದ್ದಕ್ಕೇ ಒಂದರ ದಾರಿಯಲ್ಲಿ ಇನ್ನೊಂದು ಅಡ್ಡ ಬರ್ತಿತ್ತು. ಐದಕ್ಕೆ ಇಳಿಸಿದೆ. ವಾಕಿಂಗ್ ಮುಗಿದು ಎಂಟೂವರೆ ಆದ ಮೇಲೆ ಆಟ ಅಂತ ಆಯ್ತು.

ಇಷ್ಟೆಲ್ಲ ಆದ ಮೇಲೆ ಮಳೆಗಾಲ ಬಂತು.

ಗುಂಡಿಯ ಪೈಪಿಗೆ ನಾನು ತಳದಲ್ಲಿ ಕ್ಯಾಪ್ ಹಾಕಿದ್ದೆ. ಸಲ್ಯೂಷನ್ ಬಳಿದು, ಸುತ್ತ ಸಿಮೆಂಟ್ ಹಾಕಿ, ಗಟ್ಟಿಯಾಗಿ. ಕೆಸರು ಮೇಲೆ ಬರಬಾರದು, ಚೆಂಡು ಕ್ಲೀನಾಗಿರಬೇಕು ಅಂತ ಲೆಕ್ಕ. ಒಂದು ಹನಿ ನೀರು ಆಚೆ ಹೋಗದ ಹಾಗೆ ಮಾಡೋದೇ ಅಲ್ವಾ ನಮ್ಮ ಹೊಟ್ಟೆಪಾಡು? ಕೈಗೆ ಅಭ್ಯಾಸ, ತಲೆ ಕೇಳಲೇ ಇಲ್ಲ.

ಜಿಟಿಜಿಟಿ ಮಳೆ ಹಿಡಿದು ಹದಿನೈದು ದಿನ ಯಾರೂ ಆಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಫೋನ್ ಬಂತು. ಲಾರ್ವಾ ಸರ್ವೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಮೂರನೇ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. "ಅಣ್ಣಾರ, ಬಗ್ಗಿ ನೋಡ್ರಿ" ಅಂತ ಟಾರ್ಚ್ ಬಿಟ್ಟರು. ನೀರು ಕನ್ನಡಿ ಹಾಗೆ ತಿಳಿಯಾಗಿತ್ತು. ಮೊದಲು ಏನೂ ಕಾಣಲಿಲ್ಲ. ಅವರು ಬೆರಳಿನಿಂದ ಪೈಪಿನ ಅಂಚು ತಟ್ಟಿದರು. ಮೇಲ್ಗಡೆ ತಲೆಕೆಳಗಾಗಿ ನೇತಾಡ್ತಿದ್ದ ದಾರದ ಚೂರಿನಂಥವು ನುಲಿಯುತ್ತಾ ತಳಕ್ಕಿಳಿದವು. ಎಣಿಸೋಕೆ ಹೋಗಲಿಲ್ಲ. ಡೆಂಗಿ ಸೊಳ್ಳೆಗೆ ಬೇಕಾಗೋದು ಇಂಥ ಶುದ್ಧ, ನಿಂತ ನೀರೇ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಎಂಟು ಹತ್ತು ದಿನ ಸಾಕು. ಐದು ತೊಟ್ಟಿ ಕಟ್ಟಿ, ಮೇಲೊಂದು ಬಾವುಟ ನೆಟ್ಟು ಸಾಕಿದ ಹಾಗಾಗಿತ್ತು.

ಅವತ್ತೇ ನೀರು ಬಸಿದು, ಪೈಪು ಕಿತ್ತು, ಕ್ಯಾಪ್ ಒಡೆದೆ. ಕೆಳಗೆ ಒಂದೂವರೆ ಅಡಿ ತೋಡಿ ಜಲ್ಲಿ ತುಂಬಿಸಿದೆ, ಮೇಲೆ ತೂತಿನ ತಟ್ಟೆ ಕೂರಿಸಿದೆ. ಮೂರು ಕಡೆ ನೀರು ಇಂಗಿತು. ಎರಡು ಕಡೆ ಮಾತ್ರ ಮರುದಿನವೂ ಹಾಗೇ ನಿಂತಿತ್ತು. ಕೆಳಗೆ ಎರೆಮಣ್ಣು. ನೆನೆದು ಉಬ್ಬಿದ ಎರೆ ನೀರು ಬಿಡೋದಿಲ್ಲ, ಜಲ್ಲಿ ತುಂಬಿದ ಗುಂಡಿಯೇ ಪುಟ್ಟ ಬಾವಿ ಆಗಿಬಿಡುತ್ತೆ.

ನಾನು ತಲೆ ಕೆರೆದುಕೊಂಡು ನಿಂತಿದ್ದಾಗ ಪಾರ್ಕಿನ ಕಸ ಗುಡಿಸೋ ಅಕ್ಕ ಬಂದರು. "ಅಲ್ಲೇನ್ ಅಗೀತೀರಿ? ಮಳೆಗಾಲದಾಗ ಅಲ್ಲಿ ಕಪ್ಪೆ ವಟಗುಟ್ತಾವು. ಆ ಬೇವಿನ ಗಿಡದ ಕಡೆ ಮಾಡ್ರಿ, ಅಲ್ಲಿ ಗರಸು ಹಾಕ್ಯಾರ."

ಅವರು ದಿನಾ ಅಲ್ಲೇ ಇರ್ತಾರೆ. ಅಷ್ಟು ದಿನ ಟೇಪು ಹಿಡಿದು ಅವರ ಮುಂದೆಯೇ ಓಡಾಡಿದ್ದೇನೆ, ಒಂದು ಮಾತು ಕೇಳಿರಲಿಲ್ಲ. ಎರಡೂ ಗುಂಡಿ ಬೇವಿನ ಮರದ ಕಡೆಗೆ ಹೋದವು. ಆಡದ ದಿನ ಮುಚ್ಚೋಕೆ ಮುಚ್ಚಳವನ್ನೂ ಮಾಡಿಸಿದೆ. ಮುಚ್ಚಿದ್ದಾರೋ ಇಲ್ವೋ ಅಂತ ಆಶಾ ಕಾರ್ಯಕರ್ತೆ ಈಗಲೂ ಬಂದು ನೋಡ್ತಾರೆ.

ಲೆಕ್ಕ ಹಾಕಿದರೆ ಆ ಕೆಲಸದಲ್ಲಿ ನನಗೆ ಉಳಿದದ್ದು ಏನೂ ಇಲ್ಲ. ಕೊನೇ ಕಂತು ಕೊಡುವಾಗ ಮೇಷ್ಟ್ರು ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ, "ನಾನು ಕೊಟ್ಟ ಹಾಳೆ ಎಲ್ಲಪ್ಪಾ?" ಅಂತ ಕೇಳಿದರು. ಜೇಬಿನಿಂದ ತೆಗೆದು ತೋರಿಸಿದೆ. ಮಡಿಕೆಯಲ್ಲಿ ಹರಿದು ನಾಲ್ಕು ಚೂರಾಗಿತ್ತು. ಅವರು ನಕ್ಕು, ಎರಡನೇ ಪ್ಲೇಟಿಗೆ ಹೇಳಿದರು.

ಆ ನಾಲ್ಕು ಇಂಚಿನ ಒಂಬತ್ತು ತುಂಡು ಮನೆ ತಾರಸಿ ಸೇರಿದವು. ನನ್ನ ಹೆಂಡತಿ ಅದರಲ್ಲಿ ಪುದೀನ ಹಾಕಿದ್ದಾಳೆ. ಮಣ್ಣು ತುಂಬೋ ಮುಂಚೆ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು, ತಳದಲ್ಲಿ ತೂತು ಇದೆಯಾ ಅಂತ ನೋಡಿದ್ದಳು.