ಮೊದಲೇ ಏಕೆ ಆಪರೇಷನ್ ಮಾಡಿಸಿಕೊಳ್ಳಲಿಲ್ಲ?

ಮುಖದ ಬಲಬದಿಯ ನರನೋವಿಗೆ ಸಿಲುಕಿ ಆರು ವರ್ಷ ಕಳೆದು, ಕೊನೆಗೆ ಕಿವಿಯ ಹಿಂದೆ ಮಾಡುವ ಒಂದು ಶಸ್ತ್ರಚಿಕಿತ್ಸೆಯಿಂದ ಬಿಡುಗಡೆಯಾದವಳು ನಾನು. ಈ ಸಂಗತಿ ಗೊತ್ತಿರುವವರು, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಇದೇ ಕಾಯಿಲೆ ಬಂದಿರುವವರು, ಮಾತು ಶುರುವಾದ ಐದು ನಿಮಿಷಕ್ಕೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಚೆನ್ನಾಗಿ ವಾಸಿಯಾಗುವುದಾದರೆ ಮೊದಲೇ ಏಕೆ ಆಪರೇಷನ್ ಮಾಡಿಸಿಕೊಳ್ಳಲಿಲ್ಲ? ಆರು ವರ್ಷ ಸುಮ್ಮನೆ ಅನುಭವಿಸಿದಿರಲ್ಲ!" ಈ ಮಾತಿನಲ್ಲಿ ಕಾಳಜಿಯೂ ಇದೆ, ಸಣ್ಣದೊಂದು ಆಕ್ಷೇಪಣೆಯೂ ಇದೆ. ನನ್ನ ಲೆಕ್ಕದಲ್ಲಿ ಆ ಆರು ವರ್ಷಗಳ ಪೈಕಿ ಹಾಳಾದವು ಮೊದಲ ಎರಡು ಮಾತ್ರ. ಉಳಿದ ನಾಲ್ಕು ವರ್ಷ ನಾನು ಚಿಕಿತ್ಸೆಯಲ್ಲಿಯೇ ಇದ್ದೆ. ಎರಡನ್ನೂ ಒಂದೇ ಖಾತೆಗೆ ಬರೆದುಕೊಳ್ಳುವವರಿಗೆ ಈ ಕಾಯಿಲೆಯ ಸ್ವರೂಪವನ್ನು ಮೊದಲಿನಿಂದ ಹೇಳಬೇಕಾಗುತ್ತದೆ.

ಮೊದಲ ಏಟು ಬಿದ್ದದ್ದು ಒಂದು ಬೆಳಿಗ್ಗೆ ಹಲ್ಲುಜ್ಜುವಾಗ. ಮೇಲ್ದವಡೆಯಿಂದ ಮೂಗಿನ ಪಕ್ಕದವರೆಗೆ ಕರೆಂಟು ಹೊಡೆದಂತಾಗಿ, ಬ್ರಷ್ಷು ಕೈಯಿಂದ ಜಾರಿ ಬಿತ್ತು. ಎಣಿಸಿದ್ದರೆ ನಾಲ್ಕೈದು ಸೆಕೆಂಡು ಇದ್ದಿರಬಹುದು. ಆಮೇಲೆ ಏನೂ ಇಲ್ಲ. ಊತವಿಲ್ಲ, ಕೆಂಪಿಲ್ಲ, ಕನ್ನಡಿಯಲ್ಲಿ ಅದೇ ಮುಖ. ಒಂದು ವಾರ ಬಿಟ್ಟು ಮತ್ತೆ ಬಂತು, ಆಮೇಲೆ ದಿನಕ್ಕೊಮ್ಮೆ, ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ಹತ್ತಾರು ಸಲ. ನೋವು ಹಲ್ಲಿನ ಸಾಲಿನಲ್ಲೇ ಹುಟ್ಟುತ್ತಿದ್ದುದರಿಂದ ನಾನು ದಂತವೈದ್ಯರ ಬಳಿಗೆ ಹೋದೆ. ಯಾರಾದರೂ ಹೋಗುವುದು ಅಲ್ಲಿಗೇ.

ಒಂದು ಹಲ್ಲಿಗೆ ರೂಟ್ ಕೆನಾಲ್ ಆಯಿತು. ನೋವು ನಿಲ್ಲಲಿಲ್ಲವೆಂದು ಅದನ್ನು ಕೀಳಿಸಿದ್ದಾಯಿತು. ಆಮೇಲೆ ನಡೆದದ್ದು ನನ್ನನ್ನು ಪೂರ್ತಿ ದಾರಿ ತಪ್ಪಿಸಿತು: ಹಲ್ಲು ಕಿತ್ತ ಮೇಲೆ ಮೂರು ತಿಂಗಳು ನೋವೇ ಇರಲಿಲ್ಲ. ಈ ಕಾಯಿಲೆ ಆರಂಭದ ವರ್ಷಗಳಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ತಾನಾಗಿಯೇ ಅಡಗಿರುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ; ಅಡಗುವ ಹೊತ್ತಿಗೆ ಯಾವ ಚಿಕಿತ್ಸೆ ನಡೆದಿರುತ್ತದೆಯೋ ವಾಸಿ ಮಾಡಿದ ಕೀರ್ತಿ ಅದಕ್ಕೆ ಹೋಗುತ್ತದೆ. ಹಾಗಾಗಿ ನೋವು ಮರಳಿದಾಗ ಪಕ್ಕದ ಹಲ್ಲನ್ನೂ ಕೀಳಿಸಲು ನಾನೇ ಒತ್ತಾಯಿಸಿದೆ. ಮೂರನೆಯದನ್ನು ಕೀಳಲು ಬೇರೊಬ್ಬ ದಂತವೈದ್ಯೆ ಒಪ್ಪಲಿಲ್ಲ. ಹಲ್ಲು ಗಟ್ಟಿಯಾಗಿದೆ, ಎಕ್ಸ್‌-ರೇಯಲ್ಲಿ ದೋಷವಿಲ್ಲ ಎಂದು ಹೇಳಿ ಅವರು ಕೇಳಿದ್ದು ಮೂರೇ ಪ್ರಶ್ನೆ: ರಾತ್ರಿ ನಿದ್ದೆಯಲ್ಲಿ ನೋವು ಎಬ್ಬಿಸುತ್ತದೆಯೇ, ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತದೆ, ಹಲ್ಲನ್ನು ಮುಟ್ಟದೆ ಕೆನ್ನೆಯ ಚರ್ಮವನ್ನು ಮಾತ್ರ ಸವರಿದರೂ ಬರುತ್ತದೆಯೇ? ಹಲ್ಲುನೋವು ಸಾಮಾನ್ಯವಾಗಿ ಮಿಡಿಯುತ್ತದೆ, ಗಂಟೆಗಟ್ಟಲೆ ಕೂತಿರುತ್ತದೆ, ರಾತ್ರಿ ಹೆಚ್ಚುತ್ತದೆ. ನನ್ನದು ಸೆಕೆಂಡುಗಳಲ್ಲಿ ಮುಗಿಯುತ್ತಿತ್ತು, ರಾತ್ರಿ ಬಹುಪಾಲು ಬಿಡುವು ಕೊಡುತ್ತಿತ್ತು, ಗಾಳಿ ಸೋಕಿದರೂ ಸಿಡಿಯುತ್ತಿತ್ತು. ಅವರು ಚೀಟಿ ಬರೆದು ನರರೋಗ ತಜ್ಞರ ಬಳಿಗೆ ಕಳುಹಿಸಿದರು. ಕಳೆದುಕೊಂಡ ಎರಡು ಹಲ್ಲುಗಳ ಬಗ್ಗೆ ನಾನು ಯಾರನ್ನೂ ದೂರುವುದಿಲ್ಲ, ಏಕೆಂದರೆ ಬಿರುಕು ಬಿಟ್ಟ ಹಲ್ಲು ಕೂಡ ಅಗಿಯುವಾಗ ಹೀಗೆಯೇ ಚುಚ್ಚಬಲ್ಲದು. ಆದರೂ ಆ ಎರಡು ವರ್ಷ ಹೋದದ್ದು ಹೋದದ್ದೇ.

ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ಕಪಾಲ ನರಗಳಲ್ಲಿ ಐದನೆಯದು ಮುಖದ ಸ್ಪರ್ಶವನ್ನು ಹೊತ್ತೊಯ್ಯುವ ನರ. ಹಣೆ ಮತ್ತು ಕಣ್ಣಿಗೆ ಒಂದು, ಕೆನ್ನೆ ಮತ್ತು ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು ಎಂದು ಮೂರು ಕವಲಾಗುವುದರಿಂದ ಆ ಹೆಸರು. ಇದನ್ನು ಕೇಳಿದವರು ಕೂಡಲೇ "ಮುಖ ಸೊಟ್ಟಗಾಗಿಲ್ಲವಲ್ಲ" ಎನ್ನುತ್ತಾರೆ. ಮುಖ ಸೊಟ್ಟಗಾಗುವುದು ಸ್ನಾಯುಗಳನ್ನು ಆಡಿಸುವ ಏಳನೆಯ ನರ ಸೋತಾಗ; ಅದು ಬೇರೆಯೇ ಕಾಯಿಲೆ. ನನ್ನ ಕಾಯಿಲೆ ಹೊಸದೂ ಅಲ್ಲ. ಫ್ರಾನ್ಸಿನ ನಿಕೋಲಾ ಆಂದ್ರೆ 1756ರಲ್ಲಿ ಇದಕ್ಕೊಂದು ಹೆಸರು ಕೊಟ್ಟಿದ್ದರು, ಲಂಡನ್ನಿನ ವೈದ್ಯ ಜಾನ್ ಫೋದರ್‌ಗಿಲ್ 1773ರಲ್ಲಿ ಇದರ ಲಕ್ಷಣಗಳನ್ನು ವಿವರವಾಗಿ ಬರೆದಿದ್ದರು. ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಎಡಕ್ಕಿಂತ ಬಲಬದಿಯಲ್ಲಿ ಹೆಚ್ಚು. ಮೂರೂ ಎಣಿಕೆಯಲ್ಲಿ ನಾನು ಬಹುಮತದವಳು.

ಹೆಚ್ಚಿನವರಲ್ಲಿ ಕಾರಣವೇನೆಂದರೆ, ಆ ನರ ಮಿದುಳುಕಾಂಡದಿಂದ ಹೊರಬರುವ ಜಾಗದಲ್ಲಿ ಒಂದು ರಕ್ತನಾಳ, ಸಾಮಾನ್ಯವಾಗಿ ಕಿರುಮಿದುಳಿಗೆ ರಕ್ತ ಒಯ್ಯುವ ಅಪಧಮನಿಯೊಂದು, ಅದಕ್ಕೆ ಒತ್ತಿಕೊಂಡು ನಾಡಿಯ ಪ್ರತಿ ಬಡಿತಕ್ಕೂ ಗುದ್ದುತ್ತಿರುತ್ತದೆ. ವರ್ಷಗಳ ಗುದ್ದಿನಿಂದ ನರತಂತುಗಳ ಮೈಲಿನ್ ಹೊದಿಕೆ ಸವೆಯುತ್ತದೆ. ಹೊದಿಕೆ ಕಳೆದುಕೊಂಡ ತಂತುಗಳ ನಡುವೆ ಸಂಕೇತಗಳು ಹಾರಾಡಿ, ಬರಿಯ ಸ್ಪರ್ಶವಾಗಿ ಹೊರಟದ್ದು ನೋವಾಗಿ ಮಿದುಳನ್ನು ತಲುಪುತ್ತದೆ. ಕೆಲವರಲ್ಲಿ ಗಡ್ಡೆಯಿಂದಲೋ, ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯಿಂದಲೋ ಇದೇ ನೋವು ಬರುವುದುಂಟು, ಆದ್ದರಿಂದ ಎಂಆರ್‌ಐ ಮಾಡಿಸುತ್ತಾರೆ. ಆದರೆ ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ರಕ್ತನಾಳ ನರಕ್ಕೆ ತಾಗಿರುವುದು ಎಂಆರ್‌ಐಯಲ್ಲಿ ಕಾಣುತ್ತದೆ. ರೋಗವನ್ನು ಗುರುತಿಸುವುದು ಮುಖ್ಯವಾಗಿ ರೋಗಿಯ ಮಾತಿನಿಂದ. ನನ್ನ ವೈದ್ಯರು ಚಿತ್ರ ನೋಡುವ ಮೊದಲು ಇಪ್ಪತ್ತು ನಿಮಿಷ ಕೇಳಿಸಿಕೊಂಡರು.

ಅಲ್ಲಿಂದ ನಾಲ್ಕು ವರ್ಷಗಳ ಔಷಧಿಯ ಕಾಲ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳು ಈ ನೋವಿನ ಹತ್ತಿರ ಸುಳಿಯಲಾರವು. ಕೆಲಸ ಮಾಡುವುದು ಕಾರ್ಬಮಜೆಪೈನ್. ಮೂಲತಃ ಮೂರ್ಛೆರೋಗದ ಔಷಧಿಯೆಂದು ಹೆಸರಾದ ಇದನ್ನು ಈ ನೋವಿಗೆ ಬಳಸಿ ಫಲ ಕಂಡದ್ದನ್ನು 1962ರಲ್ಲಿ ಬ್ಲೂಮ್ ಎಂಬ ಸ್ವೀಡನ್ನಿನ ವೈದ್ಯರು ವರದಿ ಮಾಡಿದರು. ಇಂದಿಗೂ ಮೊದಲ ಆಯ್ಕೆ ಇದೇ. ನನಗೆ ರಾತ್ರಿ 100 ಮಿಲಿಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸಿದರು. ಕೆಲವೇ ದಿನಗಳಲ್ಲಿ, ಎರಡು ವರ್ಷಗಳಿಂದ ನೀರು ಕೂಡ ಹೆದರಿ ಹೆದರಿ ಮುಕ್ಕಳಿಸುತ್ತಿದ್ದ ನಾನು, ಬಲಗಡೆಯ ಹಲ್ಲುಗಳನ್ನು ಉಜ್ಜಿದೆ. ಸ್ನಾನದ ಕೋಣೆಯಲ್ಲಿ ನಿಂತು ಅತ್ತೆ. ಅಳುವಾಗ ಮುಖ ಕಿವುಚಿದರೂ ನೋವು ಬರಲಿಲ್ಲವೆಂದು ಇನ್ನಷ್ಟು ಅತ್ತೆ.

ಇಂತಹ ಮಾತ್ರೆಯೊಂದು ಕೈಯಲ್ಲಿರುವಾಗ ತಲೆಬುರುಡೆ ತೆರೆಸಿಕೊಳ್ಳಲು ಯಾರು ಓಡುತ್ತಾರೆ? ಪ್ರಶ್ನೆಗೆ ಉತ್ತರದ ಮುಖ್ಯ ಭಾಗ ಇದೇ.

ಮಾತ್ರೆಗೂ ಅದರದೇ ಶಿಸ್ತು ಇದೆ. ನೋವು ಬಂದಾಗ ನುಂಗಿ ಹೋದಾಗ ಬಿಡುವಂಥದ್ದಲ್ಲ. ದಿನವೂ ಹೊತ್ತಿಗೆ ಸರಿಯಾಗಿ ನುಂಗಬೇಕು, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಮೆಟ್ಟಿಲಿಳಿದಂತೆ ಇಳಿಸಬೇಕು. ಮೊದಲ ವಾರಗಳಲ್ಲಿ ಮೈಮೇಲೆ ಗಂಧೆ ಎದ್ದರೆ, ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಅಪರೂಪಕ್ಕೆ ಚರ್ಮ ಸುಲಿಯುವಷ್ಟು ಭೀಕರವಾದ ಪ್ರತಿಕ್ರಿಯೆ ಉಂಟಾಗುತ್ತದೆ. ಎಚ್‌ಎಲ್‌ಎ-ಬಿ 1502 ಎಂಬ ಒಂದು ಜೀನ್ ರೂಪ ಇರುವವರಲ್ಲಿ ಈ ಅಪಾಯ ಹೆಚ್ಚು, ಮತ್ತು ಅದು ಏಷ್ಯಾ ಮೂಲದವರಲ್ಲಿ ಹೆಚ್ಚಾಗಿ ಕಾಣುವುದರಿಂದ ಔಷಧಿಗೆ ಮೊದಲೇ ರಕ್ತಪರೀಕ್ಷೆ ಮಾಡಿಸುವ ರೂಢಿ ಇದೆ. ರಕ್ತದ ಸೋಡಿಯಂ ಇಳಿಯಬಹುದು, ಬಿಳಿರಕ್ತಕಣ ಕಡಿಮೆಯಾಗಬಹುದು; ಗರ್ಭನಿರೋಧಕ ಮಾತ್ರೆ ಮತ್ತು ರಕ್ತ ತೆಳುವಾಗಿಸುವ ಕೆಲವು ಮಾತ್ರೆಗಳ ಬಲವನ್ನು ಇದು ಕುಗ್ಗಿಸುತ್ತದೆ. ಇದು ಒಗ್ಗದವರಿಗೆ ಆಕ್ಸ್‌ಕಾರ್ಬಜೆಪೈನ್ ಇದೆ, ಬ್ಯಾಕ್ಲೋಫೆನ್, ಲ್ಯಾಮೋಟ್ರಿಜಿನ್ ಇವೆ.

ಮಾತ್ರೆಯ ನಡುವೆಯೂ ನೋವು ಕೆರಳುವ ಕಾಲಗಳು ಬರುತ್ತಿದ್ದವು. ಆಗಿನ ಬದುಕನ್ನು ಆರೋಗ್ಯವಂತರಿಗೆ ವಿವರಿಸುವುದು ಕಷ್ಟ, ಏಕೆಂದರೆ ನೋವಿಗಿಂತ ಹೆಚ್ಚು ಹೊತ್ತನ್ನು ನೋವಿನ ನಿರೀಕ್ಷೆ ತಿನ್ನುತ್ತದೆ. ಫ್ಯಾನಿನ ಎದುರು ಕೂರುವಂತಿಲ್ಲ. ನಗುವಂತಿಲ್ಲ. ಮುಖದ ಬಲಭಾಗ ಆಡದಂತೆ ತುಟಿಯ ಎಡಮೂಲೆಯಿಂದ ಮಾತಾಡುತ್ತಿದ್ದೆ. ಮಾತಿನ ನಡುವೆ ತಟ್ಟನೆ ಕಲ್ಲಾಗಿ ನಿಲ್ಲುತ್ತಿದ್ದೆ, ಎದುರಿನವರು ನನಗೆ ಕೋಪ ಬಂದಿದೆ ಎಂದುಕೊಳ್ಳುತ್ತಿದ್ದರು. ಊಟಕ್ಕೆ ಒಂದು ಉಪಾಯ ಕಂಡುಕೊಂಡಿದ್ದೆ. ಒಂದು ದೊಡ್ಡ ಹೊಡೆತ ಬಿದ್ದ ನಂತರ ಆ ನರ ಸ್ವಲ್ಪ ಹೊತ್ತು ಕೆರಳುವುದಿಲ್ಲ. ವೈದ್ಯರೂ ಇದನ್ನು ಬಲ್ಲರು. ಆ ಬಿಡುವಿನಲ್ಲಿ ಮೆತ್ತಗಿನ, ಉಗುರುಬೆಚ್ಚಗಿನ ಆಹಾರವನ್ನು ಗಬಗಬ ನುಂಗುತ್ತಿದ್ದೆ. ಊಟ ಮಾಡುವುದಕ್ಕಾಗಿ ಮೊದಲ ತುತ್ತಿನ ಹೊಡೆತವನ್ನು ಬೇಕೆಂದೇ ತಿಂದ ದಿನಗಳೂ ಇವೆ. ಮಂಕು ಕವಿದ ದಿನಗಳಲ್ಲಿ ಈ ಕಾಯಿಲೆಯ ಬಗ್ಗೆ ಓದಲು ಕೂತರೆ, ಇದಕ್ಕೆ "ಆತ್ಮಹತ್ಯೆಯ ರೋಗ" ಎಂಬ ಅಡ್ಡಹೆಸರಿರುವುದು ಕಣ್ಣಿಗೆ ರಾಚುತ್ತದೆ. ನನಗೆ ಆ ಹೆಸರಿನ ಮೇಲೆ ಸಿಟ್ಟಿದೆ. ಚಿಕಿತ್ಸೆಗಳು ಇಲ್ಲದ ಕಾಲದ ಭಯವನ್ನು ಅದು ಇಂದಿನ ರೋಗಿಯ ತಲೆಗೆ ಕಟ್ಟುತ್ತದೆ. ಅಂಥ ಯೋಚನೆ ನಿಜವಾಗಿಯೂ ಬಂದರೆ ಮನೆಯವರಿಗೂ ವೈದ್ಯರಿಗೂ ಕೂಡಲೇ ಬಾಯಿಬಿಟ್ಟು ಹೇಳಬೇಕು. ನಾನು ಹೇಳಿದೆ, ಅದೇ ವಾರ ನನ್ನ ಔಷಧಿಯನ್ನು ಬದಲಾಯಿಸಿದರು.

ನಾಲ್ಕನೆಯ ವರ್ಷದ ಕೊನೆಗೆ ದಿನಕ್ಕೆ 1200 ಮಿಲಿಗ್ರಾಂ ತಲುಪಿದ್ದೆ. ನೋವು ಪೂರ್ತಿ ನಿಲ್ಲುತ್ತಿರಲಿಲ್ಲ, ನಡೆಯುವಾಗ ನೆಲ ವಾಲುತ್ತಿತ್ತು, ಸೋಡಿಯಂ ಇಳಿದಿತ್ತು. ಪಾಠ ಹೇಳುವುದು ನನ್ನ ವೃತ್ತಿ. ಹಲಗೆಯ ಮುಂದೆ ನಿಂತಾಗ, ದಿನವೂ ಬಳಸುವ ಪದಗಳು ನಾಲಿಗೆಗೆ ಬಾರದೆ ಹೋಗುತ್ತಿದ್ದವು. ಮಾತ್ರೆಯ ಕಡೆಯ ತಕ್ಕಡಿ ತೂಗುವುದನ್ನು ನಿಲ್ಲಿಸಿದ್ದು ಆಗ.

ಶಸ್ತ್ರಚಿಕಿತ್ಸೆ ಎಂದರೂ ಒಂದೇ ಬಗೆಯದಲ್ಲ. ಕೆನ್ನೆಯ ಮೂಲಕ ಸೂಜಿ ತೂರಿಸಿ ನರದ ಗಂಟನ್ನು ಶಾಖದಿಂದಲೋ ಗ್ಲಿಸರಾಲ್‌ನಿಂದಲೋ ಪುಟ್ಟ ಬಲೂನಿನ ಒತ್ತಡದಿಂದಲೋ ಅಷ್ಟಿಷ್ಟು ಘಾಸಿಗೊಳಿಸುವ ವಿಧಾನಗಳಿವೆ. ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆಯೂ ಇದೆ. ಅದರ ಫಲ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಇವು ವಯಸ್ಸಾದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳಲಾರದವರಿಗೆ ಒಳ್ಳೆಯ ದಾರಿ. ಆದರೆ ಇವೆಲ್ಲವೂ ನರಕ್ಕೆ ಪೆಟ್ಟು ಕೊಟ್ಟೇ ನೋವು ತಗ್ಗಿಸುವುದರಿಂದ ಮುಖದಲ್ಲಿ ಜೋಮು ಉಳಿಯಬಹುದು, ಕೆಲವು ವರ್ಷಗಳಲ್ಲಿ ನೋವು ಮರಳಬಹುದು. ಇನ್ನೊಂದು, ನಾನು ಮಾಡಿಸಿಕೊಂಡದ್ದು, ಮೈಕ್ರೋವ್ಯಾಸ್ಕುಲರ್ ಡಿಕಂಪ್ರೆಷನ್. ರಕ್ತನಾಳ ನರವನ್ನು ಒತ್ತುವುದನ್ನು 1930ರ ದಶಕದಲ್ಲಿಯೇ ಅಮೆರಿಕದ ನರಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ಗಮನಿಸಿದ್ದರು. ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಬಂದ ಮೇಲೆ, 1960ರ ದಶಕದಲ್ಲಿ, ಅಲ್ಲಿಯದೇ ಇನ್ನೊಬ್ಬ ನರಶಸ್ತ್ರಚಿಕಿತ್ಸಕ ಪೀಟರ್ ಜಾನೆಟ್ಟಾ ಈ ವಿಧಾನವನ್ನು ರೂಪಿಸಿದರು. ಕಿವಿಯ ಹಿಂದೆ ಮೂಳೆಯಲ್ಲಿ ಸಣ್ಣ ಕಿಂಡಿ ತೆರೆದು, ರಕ್ತನಾಳವನ್ನು ನರದಿಂದ ಸರಿಸಿ, ನಡುವೆ ಟೆಫ್ಲಾನ್ ಎಳೆಗಳ ಮೆತ್ತೆ ಇಡುತ್ತಾರೆ. ನರಕ್ಕೆ ಉದ್ದೇಶಪೂರ್ವಕವಾಗಿ ಪೆಟ್ಟಾಗುವುದಿಲ್ಲ. ಜಾನೆಟ್ಟಾ ಅವರ ತಂಡ ಸಾವಿರಕ್ಕೂ ಹೆಚ್ಚು ರೋಗಿಗಳ ಬಗ್ಗೆ 1996ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹತ್ತು ವರ್ಷಗಳ ನಂತರವೂ ಶೇ. 70ರಷ್ಟು ಜನ ಔಷಧಿಯಿಲ್ಲದೆ ನೋವಿನಿಂದ ಮುಕ್ತರಾಗಿದ್ದರು. ಉಳಿದ ಶೇ. 30 ಮಂದಿ ನನ್ನ ಕಣ್ಣ ಮುಂದೆ ಬಹಳ ದಿನ ನಿಂತಿದ್ದರು. ಅದೇ ಬದಿಯ ಕಿವಿ ಕೇಳಿಸದಂತಾಗುವುದು, ಮಿದುಳಿನ ದ್ರವ ಸೋರುವುದು, ಅಪರೂಪಕ್ಕೆ ಪಾರ್ಶ್ವವಾಯು, ಇನ್ನೂ ಅಪರೂಪಕ್ಕೆ ಸಾವು: ಇವನ್ನೆಲ್ಲ ಶಸ್ತ್ರಚಿಕಿತ್ಸಕರು ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗೆ ಹೇಳಿದ್ದರಿಂದಲೇ ನನಗೆ ಧೈರ್ಯ ಬಂತು.

ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು, ಆದರೆ ಅದು ಬೇರೆ ನೋವು, ಮಾಮೂಲಿ ನೋವು. ಕೆನ್ನೆಯನ್ನು ಮುಟ್ಟಿ ನೋಡಿ ಎಂದು ನರ್ಸ್ ಹೇಳಿದರು. ನಾನು ಮುಟ್ಟಿದ್ದು ಮರುದಿನ. ಏನೂ ಆಗಲಿಲ್ಲ. ಬಲಗಿವಿ ಕೆಲವು ವಾರ ನೀರು ತುಂಬಿದಂತೆ ಮಂದವಾಗಿದ್ದು ಆಮೇಲೆ ತೆರೆದುಕೊಂಡಿತು, ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದರು, ಪದಗಳು ಒಂದೊಂದಾಗಿ ಹಿಂದಿರುಗಿದವು.

ಹಾಗೆಂದು ನನ್ನನ್ನು ಕೇಳುವವರಿಗೆಲ್ಲ ಆಪರೇಷನ್ ಮಾಡಿಸಿ ಎಂದು ನಾನು ಹೇಳುವುದಿಲ್ಲ. ಕಡಿಮೆ ಪ್ರಮಾಣದ ಮಾತ್ರೆಯಲ್ಲೇ ವರ್ಷಗಟ್ಟಲೆ ನೆಮ್ಮದಿಯಾಗಿರುವವರಿದ್ದಾರೆ. ಮಾತ್ರೆ ಸೋಲುವ ತನಕ ಕಾಯಲೇಬೇಕೆಂದೂ ಇಲ್ಲ. ಮಾತ್ರೆ ಕೆಲಸ ಮಾಡುತ್ತಿರುವಾಗಲೇ ಒಮ್ಮೆ ನರಶಸ್ತ್ರಚಿಕಿತ್ಸಕರನ್ನು ಕಂಡು ಮಾತಾಡಿರುವುದು ಒಳ್ಳೆಯದು, ಏಕೆಂದರೆ ನೋವಿನ ನಡುವೆ ಕೂತು ಮಾಡುವ ತೀರ್ಮಾನ ಅವಸರದ್ದಾಗಿರುತ್ತದೆ. ಹಿಂದಕ್ಕೆ ಹೋಗಿ ಒಂದನ್ನು ತಿದ್ದಬಹುದಾದರೆ ನಾನು ಆಪರೇಷನ್ನಿನ ದಿನಾಂಕವನ್ನು ತಿದ್ದುವುದಿಲ್ಲ, ಮೊದಲ ಹಲ್ಲು ಕೀಳಿಸಿದ ದಿನವನ್ನು ತಿದ್ದುತ್ತೇನೆ.

ನೋವು ಮರಳಬಹುದೇ ಎಂದು ಕೆಲವರು ಮುಂದಿನ ಪ್ರಶ್ನೆ ಕೇಳುತ್ತಾರೆ. ಮರಳಬಹುದು. ಮರಳಿದರೆ ಮೊದಲು ಅದೇ ಮಾತ್ರೆ, ಹೊಸ ಎಂಆರ್‌ಐ, ಆಮೇಲೆ ಉಳಿದ ಮಾತು ಎಂದು ವೈದ್ಯರೂ ನಾನೂ ಈಗಾಗಲೇ ತೀರ್ಮಾನಿಸಿಟ್ಟಿದ್ದೇವೆ.