ಟೆಲಿಮಾರ್ಕ್ ಸಾಮಾನು: ಮೊದಲು ಬೂಟು, ಆಮೇಲೆ ಬೈಂಡಿಂಗ್, ಕೊನೆಗೆ ಸ್ಕೀ

ಹಿಮ ಬೀಳುವ ನಾಡಿಗೆ ಬಂದು ನೆಲೆಸಿದವರು ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಸ್ಕೀ ಕಲಿಯುವುದುಂಟು. ಲಿಫ್ಟಿನಲ್ಲಿ ಕೂತು ಕೆಳಗೆ ನೋಡುವಾಗ ಒಮ್ಮೆ ಬೇರೆಯದೇ ರೀತಿ ಇಳಿಯುವವರು ಕಣ್ಣಿಗೆ ಬೀಳುತ್ತಾರೆ. ಹಿಮ್ಮಡಿ ಸ್ಕೀಯಿಂದ ಎದ್ದಿರುತ್ತದೆ, ಒಂದು ಕಾಲು ಮುಂದಕ್ಕೆ ಜಾರಿ ಇನ್ನೊಂದರ ಮೊಣಕಾಲು ಮಡಚಿರುತ್ತದೆ, ತಿರುವಿಗೊಮ್ಮೆ ಕಾಲು ಅದಲುಬದಲಾಗುತ್ತದೆ. ಅದೇ ಟೆಲಿಮಾರ್ಕ್. ನಾರ್ವೆಯ ಟೆಲಿಮಾರ್ಕ್ ಸೀಮೆಯ ಸೋಂದ್ರೆ ನೂರ್‌ಹೈಮ್ 1868ರಲ್ಲಿ ಇಂದಿನ ಓಸ್ಲೋದಲ್ಲಿ ಸ್ಕೀ ಮಾಡಿ ತೋರಿಸಿದ ಮೇಲೆ ಹೆಸರಾದ ಈ ತಿರುವಿಗೆ 1970ರ ದಶಕದಲ್ಲಿ ಅಮೆರಿಕದ ಕೊಲರಾಡೊ ಕಡೆ ಮತ್ತೆ ಜೀವ ಬಂತು.

ಸಾಮಾನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಸ್ಕೀ ನೋಡುತ್ತಾರೆ. ದಯವಿಟ್ಟು ಬೂಟಿನಿಂದ ಶುರುಮಾಡಿ. ಈ ಆಟದಲ್ಲಿ ಬಾಗುವುದು ಬೂಟು. ಅದರ ಮುಂಭಾಗದಲ್ಲಿ ಹಾರ್ಮೋನಿಯಂನ ತಿದಿಯ ಹಾಗೆ ಮಡಿಕೆಗಳಿರುತ್ತವೆ. ಅವು ಎಲ್ಲಿ, ಎಷ್ಟು ಬಿಗಿಯಾಗಿ ಮಡಚುತ್ತವೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಮೊದಲು ಬೂಟಿನ ಒಳಪದರ ತೆಗೆದು ಬರೀ ಚಿಪ್ಪಿಗೆ ಕಾಲು ತೂರಿಸಿ. ಬೆರಳ ತುದಿ ಮುಂದೆ ಸುಮ್ಮನೆ ತಾಗಿದಾಗ ಹಿಮ್ಮಡಿಯ ಹಿಂದೆ ಒಂದರಿಂದ ಒಂದೂವರೆ ಬೆರಳು ಜಾಗ ಉಳಿದರೆ ಸರಿ. ಒಳಪದರ ಹಾಕಿ, ಬಕಲ್ ಬಿಗಿದು, ಟೆಲಿಮಾರ್ಕ್ ಭಂಗಿಯಲ್ಲೇ ಹಿಂಗಾಲು ಮಡಚಿ ಕೂರಿ. ಎದ್ದು ಕಾಲು ಬದಲಿಸಿ ಮತ್ತೆ ಕೂರಿ. ಹೀಗೆ ಇಪ್ಪತ್ತು ನಿಮಿಷ ಮಾಡಬೇಕು. ಮಡಿಕೆ ಬೀಳುವ ಗೆರೆ ಹೆಬ್ಬೆರಳಿನ ಬುಡದ ಗಂಟಿನ ನೇರಕ್ಕೆ ಬರಬೇಕು. ಬೂಟು ಉದ್ದವಾದರೆ ಆ ಗೆರೆ ಬೆರಳುಗಳ ಮೇಲೆಯೇ ಕೂತು ಕಚ್ಚುತ್ತದೆ. ಅಂಗಡಿಯಲ್ಲಿ ಸ್ವಲ್ಪ ಒತ್ತಿದಂತೆ ಅನಿಸಿದ್ದು ಗುಡ್ಡದ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೊಕ್ಕೆಯಾಗಿರುತ್ತದೆ. ಒಳಪದರವನ್ನು ಬಿಸಿ ಮಾಡಿ ಕಾಲಿನ ಆಕಾರಕ್ಕೆ ಕೂರಿಸಬಹುದು, ಆದರೆ ಮಡಿಕೆಯ ಜಾಗ ಬದಲಾಗುವುದಿಲ್ಲ. ಇನ್ನೊಂದು ಮಾತು: ಚಳಿಗೆ ಪ್ಲಾಸ್ಟಿಕ್ ಗಡುಸಾಗುತ್ತದೆ. ಬೆಚ್ಚಗಿನ ಅಂಗಡಿಯಲ್ಲೇ ಮಡಚಲು ಒದ್ದಾಡಬೇಕಾದ ಬೂಟನ್ನು ಅಲ್ಲೇ ಬಿಟ್ಟು ಬನ್ನಿ.

ಬೂಟು ಕೊಳ್ಳುವಾಗಲೇ ಯಾವ ಪದ್ಧತಿ ಎನ್ನುವುದೂ ತೀರ್ಮಾನವಾಗಿಬಿಡುತ್ತದೆ. ಹಳೆಯದು 75 ಮಿ.ಮೀ. ಪದ್ಧತಿ: ಮುಂದೆ ಬಾತುಕೋಳಿಯ ಕೊಕ್ಕಿನಂಥ ಚಾಚು, ಅದರಡಿ ಮೂರು ಮೊಳೆ ಕೂರುವ ತೂತು. ಹೊಸದು ನಾರ್ವೆಯ ರೊಟ್ಟೆಫೆಲ್ಲಾ ಕಂಪನಿ 2007ರಲ್ಲಿ ತಂದ ಎನ್‌ಟಿಎನ್ (ನ್ಯೂ ಟೆಲಿಮಾರ್ಕ್ ನಾರ್ಮ್): ಕೊಕ್ಕು ಇಲ್ಲ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಮುಂಗಾಲಿನ ಅಡಿಯಲ್ಲಿರುವ ಎರಡನೇ ಅಂಚನ್ನು ಹಿಡಿಯುತ್ತದೆ. ಒಂದರ ಬೂಟು ಇನ್ನೊಂದರ ಬೈಂಡಿಂಗಿಗೆ ಕೂರುವುದಿಲ್ಲ. 75ರ ಸಾಮಾನು ಸರಳ, ಹಗುರ, ಕಾಡಿನಲ್ಲಿ ಕೈಯಿಂದಲೇ ರಿಪೇರಿಯಾಗುತ್ತದೆ. ಆದರೆ ತೂತುಗಳು ಸವೆದು ಅಗಲವಾಗುತ್ತವೆ, ಕೊಕ್ಕಿನ ಅಂಟು ಬಿಡುತ್ತದೆ; ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮೊದಲು ನೋಡಬೇಕಾದ್ದು ಅದನ್ನೇ. ಎನ್‌ಟಿಎನ್‌ನಲ್ಲಿ ಸ್ಕೀಯ ಅಂಚಿಗೆ ಬಲ ನೇರವಾಗಿ ಹೋಗುತ್ತದೆ, ಗಟ್ಟಿ ಹಿಮದಲ್ಲಿ ಹಿಡಿತ ಚೆನ್ನಾಗಿರುತ್ತದೆ. ಹೊಸದಾಗಿ ಶುರುಮಾಡುವವರಿಗೆ, ಅದರಲ್ಲೂ ಗುಡ್ಡ ಹತ್ತುವ ಆಸೆಯಿದ್ದವರಿಗೆ, ಮುಂದಿನ ತುದಿಯ ಎರಡೂ ಬದಿ ಬೈಂಡಿಂಗಿನ ಪಿನ್ ಕೂರುವ ಟೆಕ್ ಕುಳಿಗಳಿರುವ ಎನ್‌ಟಿಎನ್ ಬೂಟನ್ನೇ ಕಣ್ಣು ಮುಚ್ಚಿ ಹೇಳುತ್ತೇವೆ. ಮೀನಖಂಡದ ಭಾಗವನ್ನು ಸಡಿಲಿಸುವ ನಡಿಗೆಯ ಲಿವರ್ ಇದೆಯೇ ಎಂದೂ ನೋಡಿ.

ಬೈಂಡಿಂಗಿನಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಹಿಮ್ಮಡಿ ಎತ್ತಿದಾಗ ಸ್ಪ್ರಿಂಗ್ ಎಷ್ಟು ಬೇಗ, ಎಷ್ಟು ಜೋರಾಗಿ ಎಳೆಯುತ್ತದೆ? ಹತ್ತುವಾಗ ಆ ಎಳೆತವನ್ನು ಪೂರ್ತಿ ಕಳಚಬಹುದೇ?

ಸ್ಪ್ರಿಂಗಿಗೆ ಸೇರಿದ ಕೇಬಲ್ ತಿರುಗುವ ಬಿಂದು ಪಾದದಡಿ ಹಿಂದಕ್ಕೆ ಹೋದಷ್ಟೂ ಎಳೆತ ಹೆಚ್ಚು. ಲಿಫ್ಟಿನಲ್ಲಿ ಹತ್ತಿ ಇಳಿಯುವ ರೆಸಾರ್ಟಿನಲ್ಲಿ ಇದು ವರ. ಹಿಂಗಾಲಿನ ಭಾರವನ್ನು ಅದು ಸ್ಕೀಗೆ ಒತ್ತಿ ಕೊಡುತ್ತದೆ. 22 ಡಿಸೈನ್ಸ್ ಕಂಪನಿಯ ಆಕ್ಸಲ್‌ನಂಥ ಬೈಂಡಿಂಗುಗಳಲ್ಲಿ ಈ ಬಿಂದುವನ್ನು ಹಿಂದೆಮುಂದೆ ಬದಲಿಸಬಹುದು. ಮಧ್ಯದಲ್ಲಿಟ್ಟು ಶುರುಮಾಡಿ. ಬೂಟು, ಸ್ಪ್ರಿಂಗ್ ಎರಡೂ ಒಂದಕ್ಕೊಂದು ಹೊಂದಬೇಕು. ಮೆತ್ತನೆ ಬೂಟಿಗೆ ಬಿರುಸು ಸ್ಪ್ರಿಂಗ್ ಹಾಕಿದರೆ ಮಡಿಕೆ ಕುಸಿದು ಬೆರಳು ಜೋಮು ಹಿಡಿಯುತ್ತದೆ. ಗಡುಸು ಬೂಟಿಗೆ ಸಡಿಲ ಸ್ಪ್ರಿಂಗ್ ಹಾಕಿದರೆ ಬೂಟು ಮಡಚದೆ ತುದಿಗಾಲ ಮೇಲೆ ಎದ್ದು ನಿಲ್ಲುತ್ತದೆ, ಹಿಂದಿನ ಸ್ಕೀ ಮೇಲೆ ಭಾರವೇ ಬೀಳುವುದಿಲ್ಲ. ಕಲಿಯುವವರು ಇದನ್ನು ತಮ್ಮ ತಪ್ಪು ಎಂದುಕೊಂಡು ಒಂದು ಇಡೀ ಚಳಿಗಾಲ ಒದ್ದಾಡುವುದು ನೋಡಿದರೆ ಬೇಜಾರಾಗುತ್ತದೆ.

ಬ್ಯಾಕ್‌ಕಂಟ್ರಿಯಲ್ಲಿ, ಅಂದರೆ ಲಿಫ್ಟಿಲ್ಲದ ಕಾಡು ಗುಡ್ಡಗಳಲ್ಲಿ ಮಾತ್ರ, ಎರಡನೇ ಪ್ರಶ್ನೆಯೇ ಮುಖ್ಯ. ಎಳೆತ ಕಳಚದ ಬೈಂಡಿಂಗಿನಲ್ಲಿ ಪ್ರತಿ ಹೆಜ್ಜೆಗೂ ಸ್ಪ್ರಿಂಗ್ ಜೊತೆ ಜಗ್ಗಾಡಬೇಕು. ಸಾವಿರಾರು ಹೆಜ್ಜೆ ಹತ್ತುವಷ್ಟರಲ್ಲಿ ಇಳಿಯಲು ತ್ರಾಣವೇ ಉಳಿದಿರುವುದಿಲ್ಲ. 75ರಲ್ಲಿ ವೊಯ್ಲೆಯ ಸ್ವಿಚ್‌ಬ್ಯಾಕ್, ಎನ್‌ಟಿಎನ್‌ನಲ್ಲಿ ಟೆಕ್ ಪಿನ್ ಇರುವ ಮೆಯ್ಜೊ, ಲಿಂಕ್ಸ್‌ನಂಥವು ಹತ್ತುವಾಗ ಸರಾಗವಾಗಿ ತಿರುಗುತ್ತವೆ. ಕಡಿದಾದ ಕಡೆ ಹಿಮ್ಮಡಿಗೆ ಆಸರೆ ಕೊಡುವ ತಂತಿಯೂ ಇರಲಿ. ಟೆಕ್ ಪಿನ್ನಿನ ಒಂದು ಕಾಟ ಹಿಮ. ಬೂಟಿನ ಕುಳಿಯಲ್ಲಿ, ಮುಂಭಾಗದ ಸ್ಪ್ರಿಂಗಿನ ಕೆಳಗೆ ಹಿಮ ಗಟ್ಟಿಯಾಗಿ ಕೂತರೆ ಪಿನ್ ಅರ್ಧ ಮಾತ್ರ ಹಿಡಿಯುತ್ತದೆ, ನಾಲ್ಕು ಹೆಜ್ಜೆಗೆ ಕಳಚಿಕೊಳ್ಳುತ್ತದೆ. ಹಾಕುವ ಮುನ್ನ ಊರುಗೋಲಿನ ಮೊನೆಯಿಂದ ಕೆರೆದು, ಹಾಕಿದ ಮೇಲೆ ಕಾಲನ್ನು ನಾಲ್ಕೈದು ಸಲ ಆಡಿಸಿ, ಆಮೇಲೆ ಲಾಕ್ ಮಾಡಿ.

ಬಹುಪಾಲು ಟೆಲಿಮಾರ್ಕ್ ಬೈಂಡಿಂಗುಗಳು ಬಿದ್ದಾಗ ತಾವಾಗಿ ಬಿಡುವುದಿಲ್ಲ. ಹಿಮಕುಸಿತಕ್ಕೆ ಸಿಕ್ಕರೆ ಕಾಲಿಗಂಟಿದ ಸ್ಕೀ ಲಂಗರಿನಂತೆ ಒಳಗೆಳೆಯುತ್ತದೆ. ಕುಸಿಯಬಲ್ಲ ಇಳಿಜಾರಿಗೆ ಹೋಗುವವರು ಪಕ್ಕಕ್ಕೆ ಬಿಡುವ ಮಾದರಿಯನ್ನೇ ನೋಡಬೇಕು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಸ್ಕೀ ವಿಷಯದಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಟೆಲಿಮಾರ್ಕಿಗೆಂದೇ ಬೇರೆ ಸ್ಕೀ ಬೇಕಾಗಿಲ್ಲ, ಮಾಮೂಲಿ ಆಲ್ಪೈನ್ ಸ್ಕೀ ಸಾಕು. ರೆಸಾರ್ಟಿಗೆ ಸ್ಕೀಯ ನಡುಭಾಗದ ಅಗಲ 85ರಿಂದ 95 ಮಿ.ಮೀ., ಆಳ ಹಿಮಕ್ಕೆ 95ರಿಂದ 105. ಉದ್ದ ಮೂಗಿನಿಂದ ಹಣೆಯವರೆಗೆ. ತೀರಾ ಬಿರುಸು ಬೇಡ, ಉದ್ದಕ್ಕೂ ಒಂದೇ ಸಮ ಬಾಗುವಂಥದ್ದು ಇರಲಿ. ಎರಡಕ್ಕೂ ಒಂದೇ ಜೊತೆ ಎನ್ನುವವರು 95ರ ಆಸುಪಾಸು ಹಗುರವಾದದ್ದನ್ನು ಹಿಡಿಯಬಹುದು.

ಆದರೆ ಬೈಂಡಿಂಗ್ ಕೂರಿಸುವುದರಲ್ಲಿ ಉದಾಸೀನ ಸಲ್ಲದು. ಟೆಲಿಮಾರ್ಕಿನಲ್ಲಿ ಸ್ಕ್ರೂಗಳು ಮೇಲಕ್ಕೆ ಕಿತ್ತುಬರುವ ಬಲ ಬಹಳ. ಲೋಹದ ಪದರವಿರುವ ಸ್ಕೀಗೆ 4.1 ಮಿ.ಮೀ. ಬಿಟ್, ಇಲ್ಲದ್ದಕ್ಕೆ 3.6, ಆಳ ಸಾಮಾನ್ಯವಾಗಿ 9 ಮಿ.ಮೀ., ಸ್ಕೀ ಮೇಲೆ ಬರೆದಿರುವುದನ್ನು ಓದಿ ಖಚಿತಪಡಿಸಿಕೊಳ್ಳಿ. ತೂತಿಗೆ ಅಂಟು ಹಾಕಿಯೇ ಸ್ಕ್ರೂ ತಿರುಗಿಸಬೇಕು, ಇಲ್ಲವಾದರೆ ನೀರು ಇಳಿದು ಒಳಗಿನ ಮರ ಕೊಳೆಯುತ್ತದೆ. ಈಗಿನ ಅಗಲ ಸ್ಕೀಗಳಲ್ಲಿ ಬೂಟಿನ ನಡುಗೆರೆಯನ್ನು ಸ್ಕೀಯ ಗುರುತಿಗೆ ಸೇರಿಸುವುದು ರೂಢಿ.

ಕಾಡಿಗೆ ಹೋಗುವಾಗ ಚೀಲದಲ್ಲಿ 3ನೇ ನಂಬರಿನ ಪೋಜಿಡ್ರೈವ್ ಬಿಟ್ ಇರಲಿ (ಮಾಮೂಲಿ ಫಿಲಿಪ್ಸ್ ತುದಿ ಸ್ಕ್ರೂ ತಲೆಯನ್ನು ಸವೆಸಿ ಹಾಳುಮಾಡುತ್ತದೆ), ಜೊತೆಗೆ ನಾಲ್ಕು ಸ್ಕ್ರೂ, ಒಂದು ಕೇಬಲ್, ಎರಡು ರಬ್ಬರ್ ಪಟ್ಟಿ, ಗಟ್ಟಿ ತಂತಿ, ಚೂರು ಉಕ್ಕಿನ ನಾರು. ಸ್ಕ್ರೂ ಕಿತ್ತುಬಂದರೆ ಆ ನಾರನ್ನು ತೂತಿಗೆ ತುರುಕಿ ಮತ್ತೆ ತಿರುಗಿಸಿ. ನಿಧಾನಕ್ಕೆ ಇಳಿದು ರಸ್ತೆ ಸೇರುವಷ್ಟು ಹೊತ್ತು ಅದು ಹಿಡಿದುಕೊಳ್ಳುತ್ತದೆ.