ಗೋಳಗುಮ್ಮಟಕ್ಕೆ 11 ಗಂಟೆಗೆ ಹೋಗಬೇಡಿ

ವಿಜಯಪುರ ನೋಡಿ ಬಂದ ಅನೇಕರ ಬಾಯಲ್ಲಿ ಒಂದೇ ಮಾತು: “ಪಿಸುಮಾತು ಗಿಸುಮಾತು ಏನೂ ಕೇಳಲಿಲ್ಲ, ಬರೀ ಗದ್ದಲ.” ಒಂದು ತುದಿಯ ಪಿಸುಮಾತು ಎದುರಿನ ತುದಿಗೆ ಕೇಳುವ ಗೋಳಗುಮ್ಮಟದ ತಪ್ಪೇನೂ ಇಲ್ಲ, ಹೋದ ಹೊತ್ತು ತಪ್ಪು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಆಲಮಟ್ಟಿ, ವಿಜಯಪುರ ಎಲ್ಲವನ್ನೂ ಎರಡೇ ದಿನದಲ್ಲಿ ತೋರಿಸುತ್ತೇವೆ ಅನ್ನುವ ಪ್ಯಾಕೇಜ್ ಗಾಡಿಗಳು ಈ ಊರು ಮುಟ್ಟುವಷ್ಟರಲ್ಲಿ ಹನ್ನೊಂದು ದಾಟಿರುತ್ತದೆ. ಅಷ್ಟೊತ್ತಿಗೆ ಶಾಲಾ ಪ್ರವಾಸದ ಬಸ್ಸುಗಳು ಗೇಟಿನ ಮುಂದೆ ಸಾಲುಗಟ್ಟಿರುತ್ತವೆ. ಮೇಲೆ ಹತ್ತಿ, ಗದ್ದಲ ಕೇಳಿ, ಕೆಳಗಿಳಿದು, ಒಂದು ಫೋಟೊ ಹೊಡೆದುಕೊಂಡು ಗಾಡಿ ಹತ್ತಿದರೆ ವಿಜಯಪುರ ಮುಗಿಯಿತು. 1686ರಲ್ಲಿ ಔರಂಗಜೇಬನ ಕೈಗೆ ಹೋಗುವ ತನಕ ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಊರು ಇದು. ಮೂರು ತಾಸಿನಲ್ಲಿ ಮುಗಿಸಿದರೆ ಕೊಟ್ಟ ದುಡ್ಡು ದಂಡ. ಒಂದು ರಾತ್ರಿಯಾದರೂ ಇಲ್ಲಿ ಮಲಗಲೇಬೇಕು. ಮುಂದಿನ ಮಾತೆಲ್ಲ ಅದಕ್ಕೆ ಒಪ್ಪಿದವರಿಗೆ.

ಎಡವಟ್ಟು ಟಿಕೆಟ್ ತೆಗೆಯುವಾಗಲೇ ಶುರುವಾಗುತ್ತದೆ. 2014ರ ನವೆಂಬರ್‌ನಲ್ಲಿ ಬಿಜಾಪುರ ಅಧಿಕೃತವಾಗಿ ವಿಜಯಪುರ ಆಯಿತು. ಆದರೆ ಬೆಂಗಳೂರಿನ ಹತ್ತಿರ, ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರ ಇದೆ. ಬೆಂಗಳೂರಿನಲ್ಲಿ ಬರೀ ಬೋರ್ಡು ನೋಡಿ ಬಸ್ ಹತ್ತಿದರೆ ಒಂದೆರಡು ತಾಸಿನಲ್ಲಿ ಅಲ್ಲಿ ಇಳಿಯುತ್ತೀರಿ. ಬುಕಿಂಗ್ ಮಾಡುವಾಗ ಪ್ರಯಾಣದ ತಾಸು ನೋಡಿ: ಬೆಂಗಳೂರಿನಿಂದ ನಮ್ಮ ವಿಜಯಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು, ಪೂರ್ತಿ ಒಂದು ರಾತ್ರಿಯ ದಾರಿ. ಹಳೆಯ ಹೆಸರಿನಲ್ಲಿ ಹುಡುಕಿದರೆ ಛತ್ತೀಸಗಡದ ಬಿಜಾಪುರವೂ ಎದುರಾಗುತ್ತದೆ, ಹುಷಾರು.

ರೈಲು ಸಿಕ್ಕರೆ ರೈಲಿನಲ್ಲೇ ಬನ್ನಿ. ಹುಬ್ಬಳ್ಳಿ, ಗದಗ, ಬಾದಾಮಿ, ಬಾಗಲಕೋಟೆ ಮೇಲೆ ಬರುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ಸ್ಟೇಷನ್ನಿನಿಂದ ಗುಮ್ಮಟಕ್ಕೆ ನಡೆದೇ ಹೋಗಬಹುದು. ಬಸ್ ಸ್ಟ್ಯಾಂಡು ಊರ ನಡುವೆ, ಹಳೆ ಕೋಟೆಯ ಮಗ್ಗುಲಲ್ಲಿದೆ. ರಾತ್ರಿ ಸ್ಲೀಪರ್ ಬಸ್ಸಿನ ವಿಷಯದಲ್ಲಿ ಒಂದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಸೊಲ್ಲಾಪುರದ ಕಡೆ ಮುಂದೆ ಹೋಗುವ ಖಾಸಗಿ ಬಸ್ಸಾದರೆ ಊರೊಳಗೆ ಬರುವ ಬದಲು ಬೈಪಾಸಿನಲ್ಲೇ ಇಳಿಸಿ ಹೋಗುವುದುಂಟು. ನಸುಕಿನಲ್ಲಿ, ಲಗೇಜು ಮತ್ತು ಮಕ್ಕಳ ಸಮೇತ ಹೆದ್ದಾರಿ ಪಕ್ಕ ನಿಂತವರಿಗೆ ಆಟೊದವರು ಹೇಳಿದ್ದೇ ರೇಟು. ಟಿಕೆಟ್ ಮೇಲೆ ಇಳಿಯುವ ಜಾಗ ಯಾವುದು ಎಂದು ಓದಿ, ಹಿಂದಿನ ಸಂಜೆಯೇ ಬಸ್ಸಿನವರಿಗೆ ಫೋನ್ ಮಾಡಿ ಕೇಳಿ. ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಸರ್ಕಾರಿ ಬಸ್ಸೇ ನೆಮ್ಮದಿ. ಹೆಣ್ಣುಮಕ್ಕಳು ಶಕ್ತಿ ಯೋಜನೆಯ ಟಿಕೆಟ್ಟಿಗೆ ಗುರುತಿನ ಚೀಟಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗುವ ಬಸ್ಸಿಗೆ ಅದು ನಡೆಯುವುದಿಲ್ಲ.

ಲಾಡ್ಜಿನಲ್ಲಿ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ: “24 ತಾಸಿನ ಲೆಕ್ಕವೋ, ಮಧ್ಯಾಹ್ನ 12ರ ಲೆಕ್ಕವೋ?” ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ 5ಕ್ಕೆ ರೂಮು ಹಿಡಿದವರಿಗೆ ಹನ್ನೆರಡರ ಲೆಕ್ಕವಾದರೆ ಅದೇ ದಿನ ಮಧ್ಯಾಹ್ನಕ್ಕೆ ಒಂದು ದಿನ ಮುಗಿಯುತ್ತದೆ, ಎರಡು ದಿನದ ದುಡ್ಡು ಬೀಳುತ್ತದೆ. 24 ತಾಸಿನ ಲೆಕ್ಕವಾದರೆ ಮರುದಿನ 5ರವರೆಗೆ ನಿಮ್ಮದೇ. ಇದನ್ನು ಬಾಯಿಮಾತಿನಲ್ಲಿ ಬಿಡದೆ ರಸೀದಿಯಲ್ಲಿ ಬರೆಸಿಕೊಳ್ಳಿ. ನವೆಂಬರಿನಿಂದ ಜನವರಿಯ ಕೊನೆತನಕ ಎಸಿ ರೂಮಿಗೆ ಹೆಚ್ಚು ಕೊಡುವುದು ವ್ಯರ್ಥ, ರಾತ್ರಿ ಚಾದರ ಬೇಕಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಇದ್ದರೂ ಬರಬೇಡಿ. ಬಿಸಿಲು 40 ಡಿಗ್ರಿ ದಾಟುತ್ತದೆ, ನೋಡುವ ಜಾಗಗಳೆಲ್ಲ ಕಾದ ಕಲ್ಲು. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಕೂಡುತ್ತದೆ. ಜಾತ್ರೆ ನೋಡಲೆಂದೇ ಬರುವವರಿಗೆ ಅದು ಹಬ್ಬ, ಆದರೆ ಸ್ಮಾರಕ ನೋಡಲು ಬರುವವರಿಗೆ ಆ ವಾರ ರೂಮು ಸಿಗುವುದೇ ಕಷ್ಟ.

ಈಗ ಗುಮ್ಮಟದ ಮಾತು. ಗೇಟು ಬೆಳಿಗ್ಗೆ 6ಕ್ಕೆ ತೆಗೆಯುತ್ತದೆ. ಆ ಹೊತ್ತಿಗೆ ಬಾಗಿಲಲ್ಲಿ ಇರಿ, ಅದೂ ವಾರದ ನಡುವಿನ ದಿನ. ವಾಕಿಂಗಿಗೆ ಬರುವ ಊರವರು ಬಿಟ್ಟರೆ ಯಾರೂ ಇರುವುದಿಲ್ಲ. ಚಪ್ಪಲಿ ಹೊರಗೆ ಬಿಡಬೇಕು, ನಸುಕಿನ ಕಲ್ಲು ಥಂಡಿ, ಕಾಲುಚೀಲ ಇದ್ದರೆ ಒಳ್ಳೆಯದು. ಬಂದ ಕೂಡಲೇ ಕೆಳಗೆ ಗೋರಿ ನೋಡುತ್ತ ನಿಲ್ಲದೆ ನೇರ ಮೇಲೆ ಹತ್ತಿ. ಕೆಳಗಿನದು ಎಲ್ಲಿಗೂ ಹೋಗುವುದಿಲ್ಲ, ಮೇಲಿನ ನಿಶ್ಶಬ್ದ ಮಾತ್ರ ಗಂಟೆ ಎಂಟಾದರೆ ಸಿಗುವುದಿಲ್ಲ.

ಮೆಟ್ಟಿಲುಗಳು ಮೂಲೆಯ ಗೋಪುರದೊಳಗೆ ಸುತ್ತಿಕೊಂಡು ಹೋಗುತ್ತವೆ, ಏಳು ಅಂತಸ್ತು. ಇಕ್ಕಟ್ಟು, ಅರೆಗತ್ತಲು. ಮೆಟ್ಟಿಲು ಎತ್ತರ, ಅಂಚು ಸವೆದಿದೆ. ಮೇಲಿಂದ ಇಳಿಯುವವರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕು. ಮಂಡಿ ನೋವಿನವರು ಪ್ರತಿ ಅಂತಸ್ತಿನ ಕಿಂಡಿಯ ಹತ್ತಿರ ನಿಂತು ಉಸಿರು ತೆಗೆದುಕೊಂಡು ಹೋಗಲಿ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಅದಕ್ಕೂ ಜನ ಸೇರುವ ಮುಂಚೆ ಇಳಿಯುವುದು ಒಳ್ಳೆಯದು. ಎದೆಗುಂಡಿಗೆಯ ತೊಂದರೆ ಇರುವ ಹಿರಿಯರನ್ನು ಕೆಳಗೆ ಕೂಡಿಸಿ. ಕೆಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೂ ಅವರಿಗೆ ಅದರ ರುಚಿ ಸಿಗುತ್ತದೆ.

ಮೇಲಿನ ಮಾಳಿಗೆಯಿಂದ ಸಣ್ಣ ಬಾಗಿಲಲ್ಲಿ ಒಳಹೊಕ್ಕರೆ ಗುಮ್ಮಟದ ಬುಡದಲ್ಲಿ ಸುತ್ತಲೂ ಕಟ್ಟೆಯಂಥ ಗ್ಯಾಲರಿ, ಅಗಲ ಮೂರು ಮೀಟರಿಗೆ ಸ್ವಲ್ಪ ಹೆಚ್ಚು. ಒಬ್ಬರು ಇಲ್ಲಿ, ಇನ್ನೊಬ್ಬರು ನೇರ ಎದುರಿಗೆ, ನಡುವೆ ಸುಮಾರು 38 ಮೀಟರ್ ಖಾಲಿ ಗಾಳಿ. ಎಲ್ಲರೂ ಮಾಡುವ ತಪ್ಪು ಎದುರಿನವರ ಕಡೆ ಮುಖ ಮಾಡಿ ಮಾತಾಡುವುದು. ಮುಖ ಗೋಡೆಗಿರಲಿ. ಗೋಡೆಯಿಂದ ಒಂದು ಗೇಣು ದೂರದಲ್ಲಿ ಬಾಯಿ ಇಟ್ಟು, ಗಂಟಲು ಎತ್ತದೆ, ಉಸಿರಿನಲ್ಲೇ ನಿಧಾನ ಹೇಳಿ. ಕೇಳುವವರು ಕಿವಿಯನ್ನು ಗೋಡೆಗೆ ಹತ್ತಿಸಲಿ. ಶಬ್ದ ದುಂಡು ಗೋಡೆಯನ್ನು ಸವರಿಕೊಂಡು ಸುತ್ತಿ ಬರುತ್ತದೆ, ಚದುರಿ ಹೋಗುವುದಿಲ್ಲ. ಅದಕ್ಕೇ ನಡುವೆ ನಿಂತವರಿಗೆ ಕೇಳದ ಮಾತು ಆಚೆ ತುದಿಯವರಿಗೆ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳುತ್ತದೆ. ಕಾಗದ ಹರಿದ ಸಪ್ಪಳ, ಬೆರಳಿನಿಂದ ಗೋಡೆ ಕೆರೆದ ಸಪ್ಪಳ ಎರಡನ್ನೂ ಪ್ರಯತ್ನಿಸಿ. ಆಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ ಎಣಿಸಿ. ಏಳು ಸಲ ಮರಳುತ್ತದೆ ಎಂದು ಹೇಳುವುದು ಸುಳ್ಳಲ್ಲ, ಕಿವಿ ಸೂಕ್ಷ್ಮ ಇದ್ದವರಿಗೆ ಇನ್ನೂ ಹೆಚ್ಚು ಸಿಗುತ್ತದೆ. ಮೊದಲಿನ ಸಪ್ಪಳ ಪೂರ್ತಿ ಅಡಗುವ ತನಕ ಎರಡನೆಯದನ್ನು ಮಾಡಬಾರದು. ಹನ್ನೊಂದು ಗಂಟೆಗೆ ಕೆಡುವುದು ಇಲ್ಲೇ. ಒಬ್ಬರ ಕೂಗು ಅಡಗುವ ಮುಂಚೆ ಐವತ್ತು ಮಕ್ಕಳು ಸಿಳ್ಳೆ ಹಾಕಿರುತ್ತಾರೆ, ಎಲ್ಲ ಒಂದರ ಮೇಲೊಂದು ಬಿದ್ದು ಬರೀ ಭೋರ್ಗರೆತ ಉಳಿಯುತ್ತದೆ. ಮಕ್ಕಳನ್ನು ಬೈದು ಉಪಯೋಗವಿಲ್ಲ, ಅವರಿಗೆ ಕೂಗಬೇಕೆನಿಸುವುದು ಸಹಜ. ನಾವು ಬೇಗ ಏಳಬೇಕು.

ಕೆಳಗಿಳಿದ ಮೇಲೆ ಕೋಣೆಯ ನಡುವೆ ನಿಂತು ಮೇಲೆ ನೋಡಿ. ಒಳಗೆ ಒಂದೊಂದು ಬದಿ 135 ಅಡಿ, ಒಂದೂ ಕಂಬ ಇಲ್ಲ. ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿಕೊಂಡು ಹಾದು, ಚೌಕವನ್ನು ಮೂಲೆ ಮೂಲೆಯಲ್ಲಿ ಒಳಕ್ಕೆ ತಂದು ದುಂಡು ಮಾಡಿವೆ. ಗುಮ್ಮಟದ ಭಾರ ಅವುಗಳ ಮೇಲೆ ಕೂತು ಗೋಡೆಗೆ ಇಳಿಯುತ್ತದೆ. ಇದನ್ನು ನೋಡದೆ ಬಂದವರು ಗೋಳಗುಮ್ಮಟ ನೋಡಿಲ್ಲ. ಕಟ್ಟಿಗೆಯ ಮಂಟಪದ ಕೆಳಗೆ ಕಾಣುವ, ಈ ಗುಮ್ಮಟ ಕಟ್ಟಿಸಿದ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ ಮತ್ತು ಅವನ ಮನೆಯವರ ಗೋರಿಗಳು ಬರೀ ಗುರುತು, ನಿಜವಾದವು ನೆಲಮಾಳಿಗೆಯಲ್ಲಿವೆ. “ಜಗತ್ತಿನ ಎರಡನೇ ದೊಡ್ಡ ಗುಮ್ಮಟ” ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಕಾಗಿಲ್ಲ. ರೋಮಿನ ಪ್ಯಾಂಥಿಯನ್ ಮತ್ತು ಸೇಂಟ್ ಪೀಟರ್ಸ್ ಎರಡೂ ಒಳಗಿನ ಅಳತೆಯಲ್ಲಿ ಇದಕ್ಕಿಂತ ಅಗಲ. ಈ ಕಟ್ಟಡದ ಹೆಚ್ಚುಗಾರಿಕೆಗೆ ಸುಳ್ಳಿನ ಆಸರೆ ಬೇಕಿಲ್ಲ. ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂ ಶುಕ್ರವಾರ ಬಂದ್.

ಊರಿನೊಳಗೆ ತಿರುಗಲು ಆಟೊ ಅಥವಾ ಟಾಂಗಾ. ಮೋಸ ಆಗುವುದು ರೇಟಿನಲ್ಲಿ ಕಡಿಮೆ, ಲೆಕ್ಕದಲ್ಲಿ ಹೆಚ್ಚು. “ಹತ್ತು ಪಾಯಿಂಟ್ ತೋರಸ್ತೀನ್ರೀ” ಎಂದು ಹೇಳಿ, ದಾರಿ ಮೇಲೆ ಸಿಗುವ ಪ್ರತಿ ಗುಮ್ಮಟದ ಮುಂದೆ ಐದು ನಿಮಿಷ ನಿಲ್ಲಿಸಿ ಹತ್ತು ತುಂಬಿಸುತ್ತಾರೆ. ಕೊನೆಗೆ ಪಶ್ಚಿಮದ ತುದಿಯಲ್ಲಿರುವ ಇಬ್ರಾಹಿಂ ರೋಜಾ ಬಂದಾಗ “ಅದು ದೂರ ಆಗ್ತದ್ರೀ, ಬೇರೆ ಕೊಡಬೇಕಾಗ್ತದ” ಎಂದು ಶುರುವಾಗುತ್ತದೆ. ಪಾಯಿಂಟಿನ ಲೆಕ್ಕಕ್ಕೆ ಒಪ್ಪಲೇಬೇಡಿ. ನಾಲ್ಕು ಹೆಸರು ಹೇಳಿ: ಜುಮ್ಮಾ ಮಸೀದಿ, ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು, ಇಬ್ರಾಹಿಂ ರೋಜಾ. ರೋಜಾದಲ್ಲಿ ಒಂದೂವರೆ ತಾಸು ಕಾಯುವುದೂ ಸೇರಿ ಎಷ್ಟು ಎಂದು ಕೇಳಿ. ಅಥವಾ ಒಂದೇ ಕಡೆಯ ಬಾಡಿಗೆಗೆ ಹೋಗಿ, ಬರುವಾಗ ಬೇರೆ ಆಟೊ ಹಿಡಿಯಿರಿ. ಊರು ಪೂರ್ವ-ಪಶ್ಚಿಮ ಐದಾರು ಕಿಲೋಮೀಟರಿನಷ್ಟೇ.

ಮಧ್ಯಾಹ್ನ ಸ್ಮಾರಕ ಬಿಟ್ಟು ಖಾನಾವಳಿಗೆ ಹೋಗಿ. ಹೊರಗಡೆ ದೊಡ್ಡ ಬೋರ್ಡಿಲ್ಲದ, ಒಳಗಡೆ ಟಪ ಟಪ ರೊಟ್ಟಿ ಬಡಿಯುವ ಸಪ್ಪಳ ಕೇಳುವ ಖಾನಾವಳಿ ಹುಡುಕಿ. ಬಸ್ ಸ್ಟ್ಯಾಂಡಿನಿಂದ ಗಾಂಧಿ ಚೌಕದವರೆಗಿನ ಓಣಿಗಳಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಒಂದು ಗಂಟೆಗೆ ಹೋಗಿ, ಎರಡೂವರೆಯ ಮೇಲೆ ಹೋದರೆ ಹಂಚು ಆರಿರುತ್ತದೆ, ಕಟಕ ರೊಟ್ಟಿಯೇ ಗತಿ. “ಬಿಸಿ ರೊಟ್ಟಿ” ಎಂದು ಬಾಯಿಬಿಟ್ಟು ಕೇಳಿ, ಚಪಾತಿ ಕೇಳಿದರೆ ಕೊಡುತ್ತಾರೆ, ಆದರೆ ಈ ಜಿಲ್ಲೆಯ ಬಿಳಿಜೋಳದ ಊರಿಗೆ ಬಂದು ಚಪಾತಿ ತಿನ್ನುವುದು ಕಳೆದುಕೊಂಡಂತೆ. ತಾಟಿಗೆ ಮೊದಲು ಬರುವುದು ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಮೆಂತ್ಯ ಸೊಪ್ಪಿನ ಎಸಳು. ಅದರ ಪಕ್ಕ ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳ ಹಿಂಡಿ, ಮೇಲೊಂದು ಚಮಚ ಗಟ್ಟಿ ಮೊಸರು. ಹಿಂಡಿಯ ನಡುವೆ ಬೆರಳಿಂದ ಗುಂಡಿ ಮಾಡಿ, ಹಸಿ ಎಣ್ಣೆ ಇಲ್ಲವೇ ಮೊಸರು ಹಾಕಿ ಕಲಸಿಕೊಳ್ಳಬೇಕು, ಒಣಗಿದ್ದನ್ನೇ ತಿಂದರೆ ಗಂಟಲಿಗೆ ಹತ್ತುತ್ತದೆ. ಆಮೇಲೆ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಕೆಲವು ದಿನ ಕಡಲೆಹಿಟ್ಟಿನ ಝುಣಕ. ರೊಟ್ಟಿ ಹಂಚಿನಿಂದ ಬಂದಾಗ ಉಬ್ಬಿಕೊಂಡಿರುತ್ತದೆ, ಮೇಲೆ ಎರಡು ಮೂರು ಕಡೆ ಕಂದು ಚುಕ್ಕಿ. ತುದಿ ಹರಿದರೆ ಒಳಗಿನ ಹಬೆ ಬೆರಳು ಸುಡುತ್ತದೆ. ಆರುವ ಮುಂಚೆ ತಿನ್ನಬೇಕು, ಐದು ನಿಮಿಷ ಬಿಟ್ಟರೆ ನಾರಾಗುತ್ತದೆ. ಅದಕ್ಕೇ ಒಂದೊಂದಾಗಿ ಹಾಕಿಸಿಕೊಳ್ಳಿ, ಎರಡು ಒಟ್ಟಿಗೆ ಬೇಡ. ಖಾರ ತಡೆಯದವರು ಎಣ್ಣೆಗಾಯಿಯ ರಸ ಬಿಟ್ಟು ಬದನೆಯನ್ನಷ್ಟೇ ತೆಗೆದುಕೊಳ್ಳಲಿ, ಜೊತೆಗೆ ಮೊಸರು ಕೇಳಲಿ. ಅನ್ನ-ಸಾರು ಕೊನೆಗೆ, ಮಜ್ಜಿಗೆ ಅದರ ಹಿಂದೆ. ದೊಡ್ಡ ಹೋಟೆಲಿನ “ಉತ್ತರ ಕರ್ನಾಟಕ ಸ್ಪೆಷಲ್” ಊಟಕ್ಕೆ ಇದರ ಎರಡು ಮೂರು ಪಟ್ಟು ಕೊಟ್ಟರೂ ಈ ರೊಟ್ಟಿ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಅಡುಗೆಮನೆಯಿಂದ ಮೇಜಿಗೆ ಬರುವಷ್ಟರಲ್ಲಿ ಅದು ಆರಿರುತ್ತದೆ.

ನಾಲ್ಕು ಗಂಟೆಗೆ ಇಬ್ರಾಹಿಂ ರೋಜಾ. ಗೋಳಗುಮ್ಮಟ ಬಲದ ಕೆಲಸ, ಇದು ಕುಸುರಿ ಕೆಲಸ. ಒಂದನ್ನೇ ನೋಡುವಷ್ಟು ವೇಳೆ ಇದ್ದರೆ ಇದನ್ನೇ ನೋಡಿ ಎಂದು ಹೇಳಬೇಕಾಗುತ್ತದೆ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲ್‌ಶಾಹ ಮತ್ತು ರಾಣಿ ತಾಜ್ ಸುಲ್ತಾನಾ ಇಲ್ಲಿದ್ದಾರೆ. ಒಂದೇ ಜಗತಿಯ ಮೇಲೆ ಎದುರುಬದುರು ಗೋರಿಮನೆ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ಇಳಿಬಿಸಿಲು ದಕ್ಷಿಣ-ಪಶ್ಚಿಮದ ಪಡಸಾಲೆಯೊಳಗೆ ಓರೆಯಾಗಿ ಬಿದ್ದಾಗ ಗೋಡೆಯ ಅಕ್ಷರಗಳ ಉಬ್ಬು ಎದ್ದು ಕಾಣುತ್ತದೆ, ಮಧ್ಯಾಹ್ನ ಅದೇ ಗೋಡೆ ಮಬ್ಬಾಗಿರುತ್ತದೆ. ಕಿಟಕಿಗಳನ್ನು ಹತ್ತಿರ ಹೋಗಿ ನೋಡಿ: ಜಾಲಂದರದಂತೆ ಕಾಣುವುದು ಅರಬ್ಬಿ ಅಕ್ಷರಗಳು. ಕಲ್ಲು ಕೊರೆದು ಅಕ್ಷರ ಉಳಿಸಿದ್ದಾರೆ, ಬೆಳಕು ಅಕ್ಷರದ ಸಂದಿನಿಂದಲೇ ಒಳಗೆ ಹೋಗಬೇಕು. ಗೋರಿ ಕೋಣೆಯ ಚಾವಣಿ ಚಪ್ಪಟೆ ಕಲ್ಲಿನದು, 40 ಅಡಿ ಚೌಕ, ಕೆಳಗೆ ಆಧಾರವೇ ಇಲ್ಲದೆ ತೂಗಿದಂತಿದೆ. ಮಸೀದಿಯ ಸೂರಿನ ಮೂಲೆಯಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿ ಜೋತಾಡುತ್ತದೆ. ಬೇಗ ಬೇಗ ನಡೆದವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಮಲಿಕ್-ಎ-ಮೈದಾನ್ ತೋಪು ಹದಿನೈದು ನಿಮಿಷದ ಕೆಲಸ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್, ಬಾಯಿ ಆನೆಯನ್ನು ನುಂಗುವ ಸಿಂಹದ್ದು. 1854ರಲ್ಲಿ ಇದನ್ನು ಹರಾಜಿಗಿಟ್ಟಾಗ 150 ರೂಪಾಯಿಗೆ ಕೂಗಿದ್ದರು, ಪುಣ್ಯಕ್ಕೆ ಆ ಮಾರಾಟ ರದ್ದಾಯಿತು. ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗಡೆಯಿಂದ ಸುತ್ತುತ್ತದೆ, ಸಣ್ಣ ಮಕ್ಕಳ ಕೈ ಬಿಡಬೇಡಿ. ಜುಮ್ಮಾ ಮಸೀದಿಗೆ ಶುಕ್ರವಾರ ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿನಲ್ಲಿ, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಗೆರೆ ಎಳೆದ 2,250 ಪ್ರಾರ್ಥನೆಯ ಮನೆಗಳಿವೆ. ಬಾರಾ ಕಮಾನಿಗೆ ಸಂಜೆ ಹೋಗಿ ಹುಲ್ಲಿನ ಮೇಲೆ ಕೂತರೆ ಸಾಕು. ಎರಡನೇ ಅಲಿ ಆದಿಲ್‌ಶಾಹ ಅರ್ಧಕ್ಕೆ ಬಿಟ್ಟ ಕಟ್ಟಡ, ಒಳಗೆ ನೋಡಲು ಹೆಚ್ಚಿಲ್ಲ. ಅಲ್ಲಿಂದ ಹೊರಗೆ ಬಂದು ಗಾಡಿಯ ಮೇಲೆ ಗಿರ್ಮಿಟ್ಟು ಮತ್ತು ಮಿರ್ಚಿ ಭಜಿ ತಿನ್ನಿ, ಮಿರ್ಚಿ ಕಣ್ಣೆದುರೇ ಎಣ್ಣೆಗೆ ಬಿದ್ದದ್ದಾಗಿರಲಿ.

ಮರುದಿನ ವೇಳೆ ಉಳಿದವರು ಪಶ್ಚಿಮಕ್ಕೆ ತೊರವಿಯ ಕಡೆ ಹೋಗಬಹುದು. ಎರಡನೇ ಇಬ್ರಾಹಿಂ ಅಲ್ಲಿ ನವರಸಪುರ ಎಂಬ ಹೊಸ ರಾಜಧಾನಿ ಕಟ್ಟಲು ಹೊರಟಿದ್ದ, ಸಂಗೀತ ಮಹಲಿನ ಮೊಂಡು ಗೋಡೆಗಳು ನಿಂತಿವೆ. ತೊರವಿಯ ನರಸಿಂಹನ ಗುಡಿಯೂ ಅಲ್ಲೇ. ಬಸ್ಸು ಕಾಯುವ ಬದಲು ಟಂಟಂ (ಹಲವರು ಕೂಡಿ ಹೋಗುವ ಆಟೊ) ಹಿಡಿಯಿರಿ, ತಿರುಗಿ ಬರಲು ಕತ್ತಲಾಗುವ ಮುಂಚೆ ಹೊರಡಿ.

ಊರಿಗೆ ಒಯ್ಯಲು ತಿಕೋಟಾ ಸೀಮೆಯ ಒಣದ್ರಾಕ್ಷಿಗಿಂತ ಒಳ್ಳೆಯದಿಲ್ಲ. ಗುಮ್ಮಟದ ಮುಂದಿನ ಗಾಡಿಗಳಲ್ಲಿ ಕೊಳ್ಳಬೇಡಿ, ಮಾರ್ಕೆಟ್ಟಿನ ಕಿರಾಣಿಯಲ್ಲಿ ಕೊಳ್ಳಿ. ಒಂದು ಹಿಡಿ ತೆಗೆದು ಹಿಂಡಿ ಬಿಡಿ: ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾದರೆ ಹಸಿ ಉಳಿದಿದೆ, ತಿಂಗಳೊಳಗೆ ಹುಳಿ ವಾಸನೆ ಬರುತ್ತದೆ. ಬಿಡಿಬಿಡಿಯಾಗಿ ಉದುರಿದರೆ ಕಟ್ಟಿಸಿಕೊಳ್ಳಿ.